ಮಗಳ ಮೊಣಕೈ, ತಮ್ಮನ ಮೊಣಕೈ

ಇಲ್ಲಿ ಏನಾದ್ರೂ ಬರೆದು ಎರಡು ತಿಂಗಳ ಮೇಲಾಯ್ತು. "ಏನ್ರೀ, ಪತ್ತೇನೇ ಇಲ್ಲ" ಅಂತ ಒಂದಿಬ್ಬರು ಕೇಳಿದ್ದರು. ಆಫೀಸಲ್ಲಿ ಕೆಲಸ ಜಾಸ್ತಿ ಅಂತ ಸುಳ್ಳು ಹೇಳಿದ್ದೆ. ನಿಜ ಏನಂದ್ರೆ, ಮಗಳು ಬಿದ್ದು ಮೊಣಕೈ ಮುರಿದುಕೊಂಡಿದ್ದಳು. ಅದನ್ನು ಬರೆಯೋಕೆ ಕೂತರೆ ನನ್ನ ತಮ್ಮನ ಕಥೆಯನ್ನೂ ಬರೆಯಬೇಕಾಗುತ್ತೆ, ಅದಕ್ಕೇ ಮುಂದೂಡ್ತಾ ಬಂದೆ. ಮೊನ್ನೆ ಅವನೇ ಫೋನಿನಲ್ಲಿ "ಬರಿಯಣ್ಣ, ಅದ್ರಲ್ಲೇನಿದೆ" ಅಂದ. ಸರಿ, ಬರೀತಿದೀನಿ.

ನಾವಿರೋದು ಮೀಡಿಯಾಸಿಟಿಯಲ್ಲಿ. ಊರಲ್ಲಿ ಕೇಳಿದವರಿಗೆ ಮ್ಯಾಂಚೆಸ್ಟರ್ ಅಂತೀನಿ. ನಿಜಕ್ಕೂ ಇದು ಸ್ಯಾಲ್ಫರ್ಡ್. ಸ್ಯಾಲ್ಫರ್ಡಿನವರ ಎದುರು ಮ್ಯಾಂಚೆಸ್ಟರ್ ಅಂದರೆ ಮುಖ ಸಿಂಡರಿಸ್ತಾರೆ, ಅವರ ಸಂಕಟ ಅವರಿಗೆ. ಮುಂಚೆ ಇದು ಹಡಗುಕಟ್ಟೆ. 1982ರಲ್ಲಿ ಅದು ಮುಚ್ಚಿತು, 2011ರಲ್ಲಿ ಬಿಬಿಸಿಯವರು ಇಲ್ಲಿಗೆ ಬಂದರು, ಈಗ ಗಾಜಿನ ಕಟ್ಟಡಗಳು, ಟ್ರಾಮು, ಕಾಫಿ ಅಂಗಡಿಗಳು. ನಮ್ಮ ಮನೆ ಕಿಟಕಿ ತೆಗೆದರೆ ಹಳೇ ಹಡಗಿನ ಕಾಲುವೆ ಕಾಣುತ್ತೆ. ಈ ಕಾಲುವೆಗೂ ಮೊಣಕೈಗೂ ಒಂದು ನಂಟಿದೆ, ಆಮೇಲೆ ಹೇಳ್ತೀನಿ.

ಏಪ್ರಿಲ್ ತಿಂಗಳ ಒಂದು ಭಾನುವಾರ. ಇಲ್ಲಿ ಬಿಸಿಲು ಬಂದರೆ ಯುಗಾದಿ ಬಂದ ಹಾಗೆ, ಎಲ್ಲರೂ ಹೊರಗೆ. ಮಗಳನ್ನು ಪಾರ್ಕಿಗೆ ಕರ್ಕೊಂಡು ಹೋಗಿದ್ದೆ. ಅಲ್ಲಿ ಮಂಕಿ ಬಾರ್ ಅಂತ ಇರುತ್ತೆ ನೋಡಿ, ಏಣಿಯನ್ನು ಎತ್ತರದಲ್ಲಿ ಮಲಗಿಸಿ ಕಟ್ಟಿದ ಹಾಗೆ. ಅದಕ್ಕೆ ಜೋತುಬಿದ್ದು ಒಂದೊಂದೇ ಕಂಬಿ ಹಿಡಿದು ಸಾಗಬೇಕು. ಅವಳಿಗೆ ಆರು ವರ್ಷ. ಮೂರನೇ ಕಂಬಿಗೆ "ಅಪ್ಪಾ, ಕೈ ನೋಯ್ತಿದೆ" ಅಂದಳು. "ಇನ್ನೊಂದೇ ಒಂದು ಪುಟ್ಟಿ, ಇನ್ನೊಂದೇ" ಅಂದೆ ನಾನು. ನಾಲ್ಕನೆಯದನ್ನು ಹಿಡಿಯೋಕೆ ಹೋಗಿ ಕೆಳಗೆ ಬಿದ್ದಳು. ಬೀಳುವಾಗ ಎಡಗೈ ಊರಿದಳು. ಎತ್ತಿಕೊಂಡಾಗ ಅವಳ ಮೊಣಕೈ ಮೊಣಕೈ ಥರ ಇರಲಿಲ್ಲ.

ಮಕ್ಕಳ ತುರ್ತು ವಿಭಾಗದಲ್ಲಿ ಸಾಕಷ್ಟು ಕಾದೆವು. ನೋವಿಗೆ ಔಷಧಿ ಕೊಟ್ಟು ಕೂರಿಸಿದ್ದರು. ಕೊನೆಗೆ ಬಂದ ಡಾಕ್ಟರ್ ಚಿಕ್ಕ ವಯಸ್ಸಿನ ಹುಡುಗಿ, ಸ್ಕಾಟ್‌ಲೆಂಡ್ ಕಡೆಯ ಮಾತಿನ ಧಾಟಿ. ಮೊಣಕೈಯನ್ನು ಮುಟ್ಟಲೇ ಇಲ್ಲ. ಮೊದಲು ಮಣಿಕಟ್ಟಿನಲ್ಲಿ ನಾಡಿ ನೋಡಿದಳು, ಬೆರಳು ಬಿಸಿಯಾಗಿದೆಯಾ ನೋಡಿದಳು, ಆಮೇಲೆ ಮಗಳ ಜೊತೆ ಕಲ್ಲು-ಕಾಗದ-ಕತ್ತರಿ ಆಟ ಶುರು ಮಾಡಿದಳು! ನನಗೆ ಒಳಗೊಳಗೇ ರೇಗ್ತಾ ಇತ್ತು. ಕೈ ಮುರಿದಿದೆ, ಇವಳಿಗೆ ಆಟ. ಕಲ್ಲು, ಕಾಗದ, ಕತ್ತರಿ ಮುಗಿದ ಮೇಲೆ ಹೆಬ್ಬೆರಳು ತೋರುಬೆರಳು ಸೇರಿಸಿ 'ಓಕೆ' ಮಾಡು ಅಂದಳು. ಮಗಳು ಅಳುತ್ತಲೇ ಮಾಡಿದಳು.

ಅದು ಆಟ ಅಲ್ಲ ಅಂತ ಆಮೇಲೆ ಗೊತ್ತಾಯ್ತು. ಮೊಣಕೈ ಹತ್ತಿರ ಮೂರು ಮುಖ್ಯ ನರಗಳು ಮೂಳೆಗೆ ಅಂಟಿಕೊಂಡ ಹಾಗೆ ಹೋಗುತ್ತವೆ. ಮುಷ್ಟಿ ಕಟ್ಟೋಕೆ ಒಂದು, ಬೆರಳು ಚಾಚೋಕೆ ಒಂದು, ಕತ್ತರಿ ಮಾಡೋಕೆ ಇನ್ನೊಂದು. ಮೊದಲನೆಯದರ ಒಂದು ಕವಲಿದೆ, 'ಓಕೆ' ಮಾಡಿಸೋದು ಅದೇ. ಈ ಥರ ಮುರಿದಾಗ ಪೆಟ್ಟಾದರೆ ಬಹಳ ಸಲ ಅದಕ್ಕೇ ಆಗೋದಂತೆ. ಮುಂಗೈಗೆ ರಕ್ತ ಒಯ್ಯೋ ದೊಡ್ಡ ನಾಳವೂ ಮುರಿದ ಮೂಳೆಯ ತುದಿಯ ಮುಂದೆಯೇ ಹೋಗುತ್ತೆ. ಮೂಳೆ ನಾಳೆಯಾದರೂ ಕೂರುತ್ತೆ, ರಕ್ತ ಇವತ್ತೇ ಓಡಬೇಕು.

ಎಕ್ಸ್-ರೇ ಬಂತು. ನೋಡಿ ನನ್ನ ಎದೆ ಧಸಕ್ ಅಂತು. ಮೂಳೆ ಚೂರುಚೂರಾಗಿದೆ! ದೊಡ್ಡ ಮೂಳೆಯ ತುದಿಯಿಂದ ದೂರದಲ್ಲಿ ಒಂದು ಗುಂಡು ಚೂರು, ಇನ್ನೊಂದು ಕಡೆ ಒಂದು ಬಿಲ್ಲೆ, ಪಕ್ಕದಲ್ಲಿ ಒಂದು ಚುಕ್ಕೆ. ನನ್ನ ಮುಖ ನೋಡಿ ಡಾಕ್ಟರ್ ನಕ್ಕಳು. ಅವು ಚೂರುಗಳಲ್ಲ, ಇನ್ನೂ ಬರ್ತಾ ಇರೋ ಮೂಳೆಗಳು ಅಂದಳು. ಮಗುವಿನ ಮೊಣಕೈ ಹೆಚ್ಚುಪಾಲು ಮೃದ್ವಸ್ಥಿ, ಅದು ಎಕ್ಸ್-ರೇಯಲ್ಲಿ ಕಾಣಲ್ಲ. ಅದರೊಳಗೆ ಆರು ಜಾಗದಲ್ಲಿ ಒಂದೊಂದಾಗಿ ಮೂಳೆ ಮೊಳೆಯುತ್ತೆ. ಒಂದು, ಮೂರು, ಐದು, ಏಳು, ಒಂಬತ್ತು, ಹನ್ನೊಂದು ಅಂತ ಡಾಕ್ಟರುಗಳು ವಯಸ್ಸಿನ ಲೆಕ್ಕ ಬಾಯಿಪಾಠ ಮಾಡಿರ್ತಾರೆ. ಒಂದೆರಡು ವರ್ಷ ಹಿಂದುಮುಂದಾಗುತ್ತೆ, ಹೆಣ್ಣುಮಕ್ಕಳಿಗೆ ಸ್ವಲ್ಪ ಬೇಗ. ಆದರೆ ಬರುವ ಸರದಿ ಸಾಮಾನ್ಯವಾಗಿ ಅದೇ. ನನ್ನ ಮಗಳಿಗೆ ಮೂರು ಬಂದಿದ್ದವು, ಮೂರು ಬಾಕಿ. ಸರದಿ ತಪ್ಪಿ ಯಾವುದಾದರೂ ಚುಕ್ಕೆ ಕಂಡರೆ ಆಗ ಮುರಿದ ಚೂರು ಅಂತ ಅನುಮಾನ ಪಡಬೇಕು. ಹಲ್ಲು ಹುಟ್ಟೋದನ್ನು ಅಮ್ಮಂದಿರು ಎಣಿಸ್ತಾರಲ್ಲ, ಹಾಗೆ ಮೊಣಕೈಯನ್ನೂ ಎಣಿಸಬಹುದು ಅಂತ ನನಗೆ ಅವತ್ತು ತಿಳೀತು.

ಮುರಿದದ್ದು ಎಲ್ಲಿ ಅಂದರೆ ತೋಳಿನ ಮೂಳೆಯ ಕೆಳತುದಿಯಲ್ಲಿ, ಕೀಲಿಗಿಂತ ಸ್ವಲ್ಪ ಮೇಲೆ. ಅಲ್ಲೇ ಯಾಕೆ ಅನ್ನೋದಕ್ಕೆ ಮೊಣಕೈ ಹೇಗಿದೆ ಅಂತ ಸ್ವಲ್ಪ ಹೇಳಬೇಕು. ಬೇಜಾರಾದರೆ ದಾಟಿಕೊಂಡು ಹೋಗಿ, ಆದರೆ ನನಗಂತೂ ಇದು ಎರಡು ರಾತ್ರಿ ನಿದ್ದೆ ಬಿಡಿಸಿದ ವಿಷಯ.

ಮೂರು ಮೂಳೆ ಸೇರಿ ಮೊಣಕೈ. ಮೇಲಿನಿಂದ ಬರೋದು ತೋಳಿನ ಹ್ಯೂಮರಸ್. ಕೆಳಗೆ ಕಿರುಬೆರಳಿನ ಕಡೆ ಅಲ್ನಾ, ಹೆಬ್ಬೆರಳಿನ ಕಡೆ ರೇಡಿಯಸ್. ಹ್ಯೂಮರಸ್ಸಿನ ತುದಿಯಲ್ಲಿ ಒಳಗಡೆಗೆ ಒಂದು ರಾಟೆ ಇದೆ. ಉಪಮೆಗೆ ಹೇಳ್ತಿಲ್ಲ, ಅದರ ಲ್ಯಾಟಿನ್ ಹೆಸರು ಟ್ರೋಕ್ಲಿಯಾ ಅಂದ್ರೇ ರಾಟೆ. ನಮ್ಮ ಬಾವಿಯ ರಾಟೆಯ ಹಾಗೇ ನಡುವೆ ಹಳ್ಳ, ಎರಡೂ ಕಡೆ ಅಂಚು. ಹಗ್ಗದ ಬದಲು ಅಲ್ನಾದ ಬಾಯಿ ಆ ಹಳ್ಳವನ್ನು ಕಚ್ಚಿಕೊಂಡು ಸುತ್ತುತ್ತೆ. ಆ ಬಾಯಿಯ ಹಿಂದಿನ ದವಡೆಯೇ ನಾವು ಮೇಜಿಗೆ ಊರೋ ಮೊಣಕೈ ತುದಿ. ಮುಂದಿನ ದವಡೆಗೆ ಕಾಗೆ ಕೊಕ್ಕಿನ ಹೆಸರಿಟ್ಟಿದ್ದಾರೆ. ರಾಟೆಯ ಪಕ್ಕದಲ್ಲಿ, ಹೊರಗಡೆಗೆ, ಗೋಲಿಯಷ್ಟು ಒಂದು ಉಬ್ಬು. ರೇಡಿಯಸ್ಸಿನ ತಲೆ ಬಿಲ್ಲೆಯ ಹಾಗೆ, ಮೇಲ್ಗಡೆ ಸ್ವಲ್ಪ ತಗ್ಗು. ಅದು ಈ ಗೋಲಿಗೆ ಕೂತು ಬುಗುರಿ ಥರ ತಿರುಗುತ್ತೆ. ಕೈ ಮಡಚೋದು ರಾಟೆಯ ಕೆಲಸ, ಅಂಗೈ ಮೇಲೆ ಕೆಳಗೆ ಮಾಡೋಕೆ ಬುಗುರಿ ಬೇಕು. ತುತ್ತು ಕಲಸಿ, ಎತ್ತಿ, ಬಾಯಿಗಿಡೋಕೆ ಎರಡೂ ಬೇಕು. 1981ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನವರು ಅಳೆದು ನೋಡಿದರಂತೆ: ದಿನದ ಬಹುತೇಕ ಕೆಲಸಗಳಿಗೆ ಮೊಣಕೈ 30 ಡಿಗ್ರಿಯಿಂದ 130 ಡಿಗ್ರಿವರೆಗೆ ಮಡಚಿದರೆ ಸಾಕು. ನೂರು ಡಿಗ್ರಿಯಲ್ಲಿ ಜೀವನ!

ಈಗ ಮುರಿಯೋ ವಿಷಯ. ಕೈ ನೆಟ್ಟಗೆ ಮಾಡಿದಾಗ ಅಲ್ನಾದ ಹಿಂದಿನ ದವಡೆ ಹೋಗಿ ಕೂರೋಕೆ ಹ್ಯೂಮರಸ್ಸಿನ ಹಿಂಭಾಗದಲ್ಲಿ ಒಂದು ಗುಂಡಿ ಇದೆ. ಮಡಚಿದಾಗ ಕಾಗೆ ಕೊಕ್ಕು ಕೂರೋಕೆ ಮುಂಭಾಗದಲ್ಲಿ ಇನ್ನೊಂದು. ಎರಡು ಗುಂಡಿಗಳ ನಡುವೆ ಉಳಿಯೋದು ಕಾಗದದಷ್ಟು ತೆಳ್ಳನೆಯ ಮೂಳೆ. ಕೆಲವರಿಗೆ ಅಲ್ಲಿ ತೂತೇ ಇರುತ್ತೆ. ಮಗು ಕೈ ನೆಟ್ಟಗೆ ಊರಿಕೊಂಡು ಬಿದ್ದಾಗ ಹಿಂದಿನ ದವಡೆ ಆ ಗುಂಡಿಯಲ್ಲಿ ಹಾರೆ ಹಾಕಿ ಮೀಟಿದ ಹಾಗೆ ಮೀಟುತ್ತೆ, ಅಲ್ಲೇ ಲಟಕ್. ಐದರಿಂದ ಏಳು ವರ್ಷದ ಮಕ್ಕಳಲ್ಲಿ ಇದು ತೀರಾ ಮಾಮೂಲಿ. ಇಂಗ್ಲೆಂಡಿನ ಮಂಕಿ ಬಾರ್ ಆದರೇನು, ನಮ್ಮೂರಿನ ಸೀಬೆ ಮರ ಆದರೇನು.

ಸೀಬೆ ಮರ. ಅಲ್ಲಿಗೇ ಬರಬೇಕಿತ್ತು.

1988ರ ಬೇಸಿಗೆ ರಜೆ. ಹಾಸನದ ಕಡೆ ನಮ್ಮ ಹಳ್ಳಿ. ನನಗೆ ಒಂಬತ್ತು, ತಮ್ಮನಿಗೆ ಆರು. ಹಿತ್ತಿಲ ಸೀಬೆ ಮರದ ತುದಿಯಲ್ಲಿ ಒಂದು ಹಣ್ಣು. ನಾನು ಆ ಕೊಂಬೆಗೆ ಭಾರ, ಅವನು ಹಗುರ. "ಇನ್ನೂ ಸ್ವಲ್ಪ ಮುಂದೆ ಹೋಗೋ, ಇನ್ನೊಂದ್ ಸ್ವಲ್ಪ" ಅಂತ ಕೆಳಗೆ ನಿಂತು ಹೇಳಿದವನು ನಾನು. ಪಾರ್ಕಿನಲ್ಲಿ ಮಗಳು ಬಿದ್ದ ಸದ್ದು ಕೇಳಿದ ಕ್ಷಣ ನನಗೆ ಕೇಳಿಸಿದ್ದು ಈ ಮಾತು. ಅದೇ ದನಿ, ಅದೇ ಮಾತು, ಮೂವತ್ತು ಚಿಲ್ಲರೆ ವರ್ಷ ಆದಮೇಲೂ.

ಹಾಸನದ ಆಸ್ಪತ್ರೆಗೆ ಎರಡು ಬಸ್ಸು ಬದಲಾಯಿಸಬೇಕಿತ್ತು. ಪಕ್ಕದ ಹಳ್ಳಿಯಲ್ಲಿ ಮೂಳೆ ಕಟ್ಟೋ ಅಜ್ಜ ಇದ್ದರು. ಅಪ್ಪ ಅವರಲ್ಲಿಗೇ ಕರ್ಕೊಂಡು ಹೋದರು. ತಮ್ಮನ ತೋಳು ಗಟ್ಟಿಯಾಗಿ ಹಿಡ್ಕೋ ಅಂತ ನನಗೇ ಹೇಳಿದರು. ಅಜ್ಜ ಮುಂಗೈ ಹಿಡಿದು ಎಳೆದರು. ಅವನ ಕಿರುಚಾಟ ಇವತ್ತಿಗೂ ಮರೆತಿಲ್ಲ. ಮೊಟ್ಟೆ ಬಿಳಿ, ಉದ್ದಿನ ಹಿಟ್ಟು ಸವರಿದ ಬಟ್ಟೆ, ಮೇಲೆ ಬಿದಿರಿನ ದಬ್ಬೆ. ಮೂರು ವಾರ.

ಬಿಚ್ಚಿದಾಗ ಕೈ ಕೂಡಿಕೊಂಡಿತ್ತು, ಆದರೆ ಸೊಟ್ಟ. ನೀವೊಂದು ಸಲ ಕನ್ನಡಿ ಮುಂದೆ ಅಂಗೈ ಮುಂದೆ ಮಾಡಿ ಕೈ ಇಳಿಬಿಟ್ಟು ನಿಂತ್ಕೊಳ್ಳಿ. ನೆಟ್ಟಗಿದೆ ಅಂದ್ಕೊಂಡಿರೋ ಕೈ ನೆಟ್ಟಗಿಲ್ಲ, ಮೊಣಕೈಯಿಂದ ಕೆಳಗೆ ಸ್ವಲ್ಪ ಹೊರಕ್ಕೆ ವಾಲಿದೆ. ಸಾಮಾನ್ಯವಾಗಿ 5ರಿಂದ 15 ಡಿಗ್ರಿ, ಹೆಂಗಸರಿಗೆ ತುಸು ಹೆಚ್ಚು. ರಾಟೆಯ ಒಳ ಅಂಚು ಹೊರ ಅಂಚಿಗಿಂತ ಕೆಳಗಿಳಿದಿರೋದೇ ಇದಕ್ಕೆ ಕಾರಣ. ಬಕೆಟ್ ಹೊತ್ತರೆ ಕಾಲಿಗೆ ತಾಗದೆ ಇರಲಿ ಅಂತಲೋ ಏನೋ, ಇಂಗ್ಲಿಷಿನಲ್ಲಿ ಇದಕ್ಕೆ ಹೊರುವ ಕೋನ ಅಂತಲೇ ಹೆಸರು. ನನ್ನ ತಮ್ಮನ ಬಲಗೈಯಲ್ಲಿ ಅದು ಉಲ್ಟಾ. ಮುಂಗೈ ಮೈಯ ಕಡೆಗೆ ವಾಲಿದೆ. ಬಂದೂಕಿನ ಹಿಡಿಯ ಹಾಗೆ ಅಂತ ಪುಸ್ತಕದಲ್ಲಿ ಬರೆದಿರ್ತಾರೆ.

ಬಾವಿಯಿಂದ ನೀರು ತರುವಾಗ ಅವನ ಬಲಗಾಲು ಯಾವಾಗಲೂ ಒದ್ದೆ. "ನೆಟ್ಟಗೆ ಹಿಡ್ಕೊಂಡು ಬರೋಕೆ ಏನೋ ರೋಗ" ಅಂತ ಅಜ್ಜಿ ಬೈಯೋರು. ನಾನೂ ಬೈದಿದ್ದೇನೆ. ಅವನು ಉದಾಸೀನದಿಂದ ಚೆಲ್ಲುತ್ತಿರಲಿಲ್ಲ, ಅವನ ಮೂಳೆಯಲ್ಲಿ ಆ ಹತ್ತು ಡಿಗ್ರಿ ಇರಲಿಲ್ಲ. ಇದು ನನಗೆ ಗೊತ್ತಾಗಿದ್ದು ಈ ಏಪ್ರಿಲ್‌ನಲ್ಲಿ, ಸ್ಯಾಲ್ಫರ್ಡಿನಲ್ಲಿ.

ಬೆಳೀತಾ ಸರಿಹೋಗುತ್ತೆ ಅಂತ ಎಲ್ಲರೂ ಹೇಳೋರು. ಹೋಗಲಿಲ್ಲ. ತೋಳಿನ ಮೂಳೆ ಉದ್ದ ಬೆಳೆಯೋದು ಸುಮಾರು ಶೇಕಡಾ 80ರಷ್ಟು ಭುಜದ ತುದಿಯಿಂದ, ಮೊಣಕೈ ಕಡೆಯಿಂದ ಬರೀ 20. ಬೆಳವಣಿಗೆ ಕಡಿಮೆ ಇರೋ ಕಡೆ ಸೊಟ್ಟ ತಿದ್ದಿಕೊಳ್ಳೋ ಶಕ್ತಿಯೂ ಕಡಿಮೆ. ಅದರಲ್ಲೂ ಪಕ್ಕಕ್ಕೆ ವಾಲಿದ್ದು ತಾನಾಗಿ ತಿದ್ದಿಕೊಳ್ಳೋದೇ ಇಲ್ಲ ಅನ್ನಬಹುದು.

ಅವನಿಗೆ ಬೌಲಿಂಗ್ ಹುಚ್ಚು. ಆದರೆ ಕೈ ತಿರುಗಿಸಿದರೆ ಸಾಕು, ಹುಡುಗರೆಲ್ಲ "ಥ್ರೋ, ಥ್ರೋ" ಅಂತ ಕೂಗೋರು. ಕೊನೆಗೆ ಬಿಟ್ಟ, ಕೀಪಿಂಗ್ ಮಾಡಿದ. 1995ರ ಡಿಸೆಂಬರಿನಲ್ಲಿ ಮೆಲ್ಬರ್ನ್‌ನಲ್ಲಿ ಮುತ್ತಯ್ಯ ಮುರಳೀಧರನ್‌ಗೆ ಅಂಪೈರ್ ಡ್ಯಾರೆಲ್ ಹೇರ್ ಮೇಲಿಂದ ಮೇಲೆ ನೋ ಬಾಲ್ ಕೊಟ್ಟರಲ್ಲ, ಆಗ ತಮ್ಮ ಟಿವಿ ಮುಂದಿನಿಂದ ಏಳಲೇ ಇಲ್ಲ. ಮುರಳಿಯ ಮೊಣಕೈ ಹುಟ್ಟಿನಿಂದಲೇ ಪೂರ್ತಿ ನೆಟ್ಟಗಾಗಲ್ಲ. ಬಾಗಿಯೇ ಇರೋ ಕೈ ತಿರುಗುವಾಗ ಎಸೆದ ಹಾಗೆ ಕಣ್ಣಿಗೆ ಕಾಣುತ್ತೆ. ತಪ್ಪು ಅನ್ನಬೇಕಾದದ್ದು ಬಾಗಿರೋದಕ್ಕಲ್ಲ, ಚೆಂಡು ಬಿಡುವಾಗ ನೆಟ್ಟಗಾಗೋದಕ್ಕೆ. 2005ರಿಂದ ಹದಿನೈದು ಡಿಗ್ರಿವರೆಗೆ ನೆಟ್ಟಗಾದರೆ ಪರವಾಗಿಲ್ಲ ಅಂತ ನಿಯಮ ಬಂತು. ಮುರಳಿ 800 ವಿಕೆಟ್ ತೆಗೆದ. ನನ್ನ ತಮ್ಮ ಹಾಸನದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟ. ಅವನು ಒಂದು ಸಲ ಇಲ್ಲಿಗೆ ಬಂದಾಗ ಮೊದಲು ಕೇಳಿದ್ದು ಓಲ್ಡ್ ಟ್ರಾಫರ್ಡ್. ಫುಟ್‌ಬಾಲಿನದಲ್ಲ, ಲ್ಯಾಂಕಷೈರ್ ಪರ ಮುರಳಿ ಆಡಿದ ಕ್ರಿಕೆಟ್ ಮೈದಾನ. ಕಾರ್ನ್‌ಬ್ರೂಕ್‌ನಲ್ಲಿ ಟ್ರಾಮ್ ಬದಲಿಸಿ ಹೋದ್ವಿ. ಅವತ್ತು ಮ್ಯಾಚ್ ಇರಲಿಲ್ಲ. ಗೇಟಿನ ಹೊರಗೆ ನಿಂತು ನೋಡಿ ಬಂದ.

ಮಗಳ ವಿಷಯಕ್ಕೆ ಬರ್ತೀನಿ. ಮರುದಿನ ಬೆಳಿಗ್ಗೆ ಆಪರೇಷನ್ ಅಂತ ಆಯ್ತು. ಅವಳ ಮೂಳೆ ಹಿಂದಕ್ಕೆ ಬಾಗಿತ್ತು, ಆದರೆ ಹಿಂಬದಿಯ ಪದರ ಪೂರ್ತಿ ಬಿಟ್ಟುಕೊಂಡಿರಲಿಲ್ಲ. ಇದಕ್ಕೆ ಎರಡನೇ ದರ್ಜೆ ಅಂತಾರೆ, 1959ರಲ್ಲಿ ಗಾರ್ಟ್‌ಲೆಂಡ್ ಅನ್ನೋರು ಮಾಡಿದ ಮೂರು ದರ್ಜೆಗಳಲ್ಲಿ. ಅರಿವಳಿಕೆ ಕೊಟ್ಟು, ಕುಯ್ಯದೆ, ಎಳೆದು ಕೂರಿಸಿ ಎರಡು ತಂತಿ ತೂರಿಸ್ತೀವಿ ಅಂದರು. ಎಳೆದು ಕೂರಿಸೋದು ಅಂದ ತಕ್ಷಣ ನನಗೆ ಬೆವರು. ನನ್ನ ಹೆಂಡತಿ ಸಹಿ ಹಾಕಿದಳು, ನನ್ನ ಕೈಲಿ ಆಗಲಿಲ್ಲ.

ಅವತ್ತು ರಾತ್ರಿ ಹೆಂಡತಿ ಮಗಳ ಜೊತೆ ವಾರ್ಡಿನಲ್ಲಿ, ನಾನು ಮನೆಯಲ್ಲಿ. ನಿದ್ದೆ ಬರದೆ ಓದ್ತಾ ಕೂತಾಗ ಸಿಕ್ಕಿದ್ದು ಈ ಕಾಲುವೆ ಕಥೆ. ವೇಲ್ಸ್‌ನ ಆಂಗಲ್‌ಸೀ ದ್ವೀಪದಲ್ಲಿ ಮೂಳೆ ಕಟ್ಟೋರ ಒಂದು ಮನೆತನ ಇತ್ತು. ನಮ್ಮ ಪಕ್ಕದ ಹಳ್ಳಿ ಅಜ್ಜನ ಹಾಗೇ, ಡಿಗ್ರಿ ಇಲ್ಲ. ಅದರಲ್ಲಿ ಇವಾನ್ ಥಾಮಸ್ ಅನ್ನೋರು ಲಿವರ್‌ಪೂಲಿಗೆ ಬಂದು ಕಸುಬು ಮಾಡಿದರು. ಡಾಕ್ಟರುಗಳ ಕಾಟ, ಕೋರ್ಟು ಕಚೇರಿ ಎಲ್ಲ ಆಯ್ತು. ಬೇಸತ್ತು ಐದೂ ಗಂಡುಮಕ್ಕಳನ್ನು ಡಾಕ್ಟರಿಕೆ ಓದಿಸಿದರು. ಮಗ ಹ್ಯೂ ಓವೆನ್ ಥಾಮಸ್ ಬ್ರಿಟನ್ನಿನ ಮೂಳೆ ವೈದ್ಯದ ಪಿತಾಮಹ ಅನ್ನಿಸಿಕೊಂಡರು. ಅವರ ಹೆಂಡತಿಯ ಸೋದರಳಿಯ ರಾಬರ್ಟ್ ಜೋನ್ಸ್ ಅವರ ಬಳಿಯೇ ಕಲಿತರು. 1888ರಲ್ಲಿ ಈ ಜೋನ್ಸ್‌ಗೆ ಸಿಕ್ಕ ಕೆಲಸ ಏನು ಗೊತ್ತಾ? ಆಗ ಅಗೆಯುತ್ತಿದ್ದ ಮ್ಯಾಂಚೆಸ್ಟರ್ ಹಡಗು ಕಾಲುವೆಯ ಸರ್ಜನ್! ಸುಮಾರು 58 ಕಿಲೋಮೀಟರ್ ಉದ್ದ, ಸಾವಿರಾರು ಕೂಲಿಗಳು, ದಿನಾ ಕೈಕಾಲು ಮುರಿತ. ದಾರಿಯುದ್ದಕ್ಕೂ ಆಸ್ಪತ್ರೆಗಳು, ಪ್ರಥಮ ಚಿಕಿತ್ಸೆಯ ಠಾಣೆಗಳು ಎಲ್ಲ ಅವರ ಏರ್ಪಾಡು. 1894ರಲ್ಲಿ ಕಾಲುವೆ ತೆರೀತು. ಅದರ ಈ ಕಡೆಯ ಕೊನೆ ನನ್ನ ಕಿಟಕಿ ಕೆಳಗಿದೆ.

ಎಕ್ಸ್-ರೇ ಇನ್ನೂ ಹುಟ್ಟಿರದ ಕಾಲ ಅದು. ಬೆರಳಿನಿಂದಲೇ ಮೊಣಕೈ ಓದಬೇಕಿತ್ತು. ಹೇಗೆ ಅಂದರೆ, ಮೊಣಕೈಯ ಎರಡು ಪಕ್ಕದ ಗಂಟುಗಳ ಮೇಲೆ ಹೆಬ್ಬೆರಳು, ನಡುಬೆರಳು ಇಡಿ, ಹಿಂದಿನ ತುದಿಗೆ ತೋರುಬೆರಳು. ಕೈ ನೆಟ್ಟಗಿದ್ದಾಗ ಮೂರೂ ಒಂದೇ ಗೆರೆ, ಮಡಚಿದಾಗ ತ್ರಿಕೋನ. ಕೀಲು ತಪ್ಪಿದ್ದರೆ ತ್ರಿಕೋನ ಕೆಡುತ್ತೆ. ನನ್ನ ಮಗಳಿಗೆ ಆದ ಹಾಗೆ ಮೇಲೆ ಮುರಿದಿದ್ದರೆ ಕೆಡಲ್ಲ. ನಮ್ಮ ಅಜ್ಜನೂ ಎಳೆಯೋ ಮುಂಚೆ ಮೂರು ಬೆರಳಿಟ್ಟು ನೋಡಿದ್ದು ನನಗೆ ನೆನಪಾಯ್ತು. ಅವರಿಗೂ ಗೊತ್ತಿತ್ತು. ಆದರೆ ಕೂರಿಸಿದ ಮೇಲೆ ಒಳಗೆ ತಿರುಚಿಕೊಂಡು ವಾಲಿದೆಯಾ ಅಂತ ನೋಡೋ ದಾರಿ ಅವರಿಗಿರಲಿಲ್ಲ. ಇಷ್ಟು ವರ್ಷ ಆ ಅಜ್ಜನ ಮೇಲೆ ಸಿಟ್ಟಿತ್ತು ನನಗೆ. ಬಹುಶಃ ನನ್ನ ತಪ್ಪನ್ನು ಅವರ ಮೇಲೆ ಹೊರಿಸಿದ್ದೆ.

ಥಾಮಸ್, ಜೋನ್ಸ್ ಇಬ್ಬರೂ ಮೊಣಕೈಯನ್ನು ಚೆನ್ನಾಗಿ ಮಡಚಿ, ಮಣಿಕಟ್ಟನ್ನು ಕೊರಳಿಗೆ ಕಟ್ಟಿ ನೇತುಹಾಕೋರು. ಹಿಂಭಾಗದ ಸ್ನಾಯುವೇ ಬಿಗಿದುಕೊಂಡು ದಬ್ಬೆಯ ಕೆಲಸ ಮಾಡುತ್ತೆ ಅನ್ನೋದು ಲೆಕ್ಕ. ಒಳ್ಳೇ ಲೆಕ್ಕ, ಆದರೆ ಊದಿದ ಕೈಯನ್ನು ತೀರಾ ಮಡಚಿದರೆ ರಕ್ತನಾಳ ಒತ್ತಿಹೋಗುತ್ತೆ. ಬಿಗಿಯಾಗಿ ಕಟ್ಟಿದರೂ ಅಷ್ಟೇ. ರಕ್ತ ಇಲ್ಲದೆ ಮುಂಗೈ ಸ್ನಾಯು ಸತ್ತು ಬೆರಳು ಮುರುಟಿಹೋಗೋದನ್ನು ಜರ್ಮನಿಯ ಫೋಕ್‌ಮನ್ 1881ರಲ್ಲೇ ಬರೆದಿಟ್ಟಿದ್ದರು. ಈಗ ತಂತಿ ತೂರಿಸೋದು ಅದಕ್ಕೇ. ತಂತಿ ಹಿಡಿದಿಟ್ಟರೆ ಅಷ್ಟೊಂದು ಮಡಚಬೇಕಾಗಿಲ್ಲ. ಬಿದಿರಿನ ದಬ್ಬೆ ಬಿಗಿದಿದ್ದ ಆ ಮೂರು ವಾರದಲ್ಲಿ ತಮ್ಮನ ಬೆರಳುಗಳು ಉಳಿದದ್ದೇ ದೊಡ್ಡದು ಅಂತ ಓದುತ್ತಾ ಓದುತ್ತಾ ಗೊತ್ತಾಯ್ತು. ರಾತ್ರಿ ಎರಡೂವರೆ. ಕಿಟಕಿಯಲ್ಲಿ ಕಾಲುವೆ.

ಆಪರೇಷನ್ ನಲವತ್ತು ನಿಮಿಷ. ನಾಲ್ಕು ವಾರಕ್ಕೆ ಕ್ಲಿನಿಕ್ಕಿನಲ್ಲೇ ತಂತಿ ಎಳೆದರು. ಮಗಳು "ಅಷ್ಟೇನಾ?" ಅಂದಳು. ನಾನು ಕುರ್ಚಿಯಲ್ಲಿ ಕೂತುಬಿಟ್ಟೆ, ನರ್ಸ್ ನನಗೆ ನೀರು ಕೊಟ್ಟಳು :-)

ಇನ್ನೊಂದು ಮಾತು ಹೇಳಲೇಬೇಕು. ಪ್ಲಾಸ್ಟರ್ ಬಿಚ್ಚಿದ ದಿನದಿಂದ ಅಮ್ಮ ಫೋನಿನಲ್ಲಿ ಒಂದೇ ಸಮನೆ, "ಹರಳೆಣ್ಣೆ ಬಿಸಿ ಮಾಡಿ ತಿಕ್ಕೋ, ಎಳೆದು ನೆಟ್ಟಗೆ ಮಾಡೋ, ಇಲ್ದಿದ್ರೆ ತಮ್ಮನ ಥರಾನೇ ಆಗುತ್ತೆ." ಡಾಕ್ಟರನ್ನು ಕೇಳಿದೆ. ಖಂಡಿತ ಬೇಡ ಅಂದರು. ಪೆಟ್ಟಾದ ಮೊಣಕೈಯನ್ನು ತಿಕ್ಕಿ ಎಳೆದರೆ ಸ್ನಾಯುವಿನೊಳಗೇ ಮೂಳೆ ಬೆಳೆದು ಕೀಲು ಬಿಗಿದುಹೋಗಬಹುದಂತೆ. ಆಡಲು ಬಿಡಿ, ತಾನಾಗಿ ಬರುತ್ತೆ, ತಿಂಗಳುಗಳೇ ಬೇಕು ಅಂದರು. ಅಮ್ಮನಿಗೆ ತಿಕ್ತಿದೀನಿ ಅಂತ ಹೇಳಿದ್ದೇನೆ. ಈ ಬರಹ ಅವರಿಗೆ ಯಾರೂ ಓದಿ ಹೇಳಬೇಡಿ ದಯವಿಟ್ಟು.

ನಡುವೆ ಒಂದು ತಮಾಷೆ ವಿಷಯ. ಮೊಣಕೈಗೆ ಮೊಳಕೈ ಅಂತಲೂ ಹೇಳ್ತೀವಲ್ಲ, ತಮಿಳಿನಲ್ಲಿ ಮೊಳಕ್ಕೆ ಮುಳಂ, ಮೊಣಕೈಗೆ ಮುಳಂಗೈ. ಹೂವಿನವಳು ಮೊಣಕೈಯಿಂದ ಬೆರಳ ತುದಿವರೆಗೆ ಅಳೆದುಕೊಡ್ತಾಳಲ್ಲ, ಅದೇ ಮೊಳ. ಇಂಗ್ಲಿಷಿನ ಎಲ್ಬೋ ಕೂಡ ಹಾಗೇ: 'ಎಲ್' ಅಂದರೆ ಬಟ್ಟೆ ಅಳೆಯೋ ಹಳೇ ಅಳತೆ, 'ಬೋ' ಅಂದರೆ ಬಾಗು. ಲ್ಯಾಟಿನ್ನಿನ ಅಲ್ನಾ ಅದರ ದಾಯಾದಿ. ಬಟ್ಟೆಯಿಂದಲೇ ಬದುಕಿದ ಈ ಊರಿಗೂ ನಮ್ಮ ಹೂವಿನ ಸಂತೆಗೂ ಅಳತೆಗೋಲು ಒಂದೇ ಮೂಳೆ. ಗಿಡ್ಡ ಕೈಯವಳ ಹತ್ತಿರ ಹೂವು ಕೊಳ್ಳಬಾರದು ಅನ್ನೋದು ನನ್ನ ಅಜ್ಜಿಯ ನಿಯಮವಾಗಿತ್ತು.

ಹೋದ ಭಾನುವಾರ ತಮ್ಮ ವೀಡಿಯೋ ಕಾಲ್ ಮಾಡಿದ್ದ. ಮಗಳಿಗೆ ಎರಡೂ ಕೈ ಚಾಚಿ ತೋರಿಸು ಅಂದ. ಎಡಗೈ ಇನ್ನೂ ಪೂರ್ತಿ ನೆಟ್ಟಗಾಗಿಲ್ಲ, ಆದರೆ ವಾಲಿಕೆ ಎರಡೂ ಕಡೆ ಒಂದೇ. ಅವನು ತುಂಬಾ ಹೊತ್ತು ನೋಡಿದ. "ಚೆನ್ನಾಗ್ ಕೂತಿದೆ ಅಣ್ಣ" ಅಂದ. ಆಮೇಲೆ ಅವನೂ ಕೈ ಚಾಚಿದ.

"ಚಿಕ್ಕಪ್ಪ, ನಿಮ್ ಕೈ ಯಾಕೆ ಹಾಗಿದೆ?"

"ನಿಮ್ಮಪ್ಪನ್ನ ಕೇಳು."

ಹೇಳಿದೆ. ಮರ, ಕೊಂಬೆ, ನಾನು ಕೆಳಗೆ ನಿಂತು ಹೇಳಿದ ಮಾತು, ಎಲ್ಲ. ಮೊದಲ ಸಲ ಹೇಳಿದ್ದು, ಅದೂ ಅವನ ಎದುರಿಗೇ. ಮಗಳು ಸ್ವಲ್ಪ ಯೋಚಿಸಿ, "ಹಣ್ಣು ಸಿಕ್ತಾ?" ಅಂದಳು.

"ಸಿಕ್ತು" ಅಂದ ತಮ್ಮ. "ನನ್ ಜೊತೇಲೇ ಬಿತ್ತು. ನಿಮ್ಮಪ್ಪ ತಿಂದ."